ಯೀಸ್ಟಿನ ಆಹಾರವನ್ನು ಅರಸಿದ ಲೂಯಿ ಪಾಶ್ಚರ್

ನಮ್ಮ ಕಡೆಯಿಂದ ಊಟಿ ನೋಡಲು ಹೊರಟವರು ರೈಲಿನಲ್ಲಿ ಶೊರ್ನೂರು, ಪಾಲಕ್ಕಾಡು ದಾಟಿ ಕೊಯಮತ್ತೂರಿಗೆ ಹೋಗುವುದು ವಾಡಿಕೆ. ಅಲ್ಲಿಂದ ಅದೇ ಜಿಲ್ಲೆಯ ಮೆಟ್ಟುಪಾಳ್ಯ. ಮೆಟ್ಟುಪಾಳ್ಯದಿಂದ ಹಲ್ಲುಗಂಬಿಯನ್ನು ಕಚ್ಚಿಕೊಂಡು ಗುಡ್ಡ ಹತ್ತುವ ಪುಟ್ಟ ರೈಲು. ಈ ರೈಲು ಕೂನೂರಿನವರೆಗೆ ಓಡತೊಡಗಿದ್ದು 1899ರಲ್ಲಿ. ಕೂನೂರಿನ ಸಿಮ್ಸ್ ಪಾರ್ಕಿಗೆ ಹೋದವರು ಅದರ ಹತ್ತಿರದಲ್ಲೇ ಒಂದು ಹಳೆಯ ಸಂಸ್ಥೆಯ ಮೇಲೆ ಪಾಶ್ಚರ್ ಎಂಬ ಹೆಸರನ್ನು ಓದಿರಬಹುದು. ಹುಚ್ಚುನಾಯಿ ಕಡಿತದ ಲಸಿಕೆಗೆ ಹೆಸರಾದ ಸ್ಥಳವೆಂದು ಜತೆಯಲ್ಲಿದ್ದವರು ಹೇಳುತ್ತಾರೆ. ಎಲ್ಲರೂ ಮುಂದೆ ಸಾಗುತ್ತಾರೆ. ಶಾಲೆಯಲ್ಲಿ ನಾವು ಹೇಳಿಕೊಡುವ ಪಾಠವೂ ಬಹುತೇಕ ಅಷ್ಟೇ. ಹುಚ್ಚುನಾಯಿ, ಹಾಲು ಕೆಡದಂತೆ ಕಾಯಿಸುವ ಕ್ರಮ, ಇವೆರಡನ್ನು ಹೇಳಿದರೆ ಪಾಶ್ಚರರ ಕಥೆ ಮುಗಿಯಿತು.

ಆದರೆ ಹುಚ್ಚುನಾಯಿಯ ಲಸಿಕೆಗಿಂತ ಸುಮಾರು 25 ವರ್ಷ ಮೊದಲೇ ಈ ಮಹನೀಯರು ಬೇರೊಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ಯೀಸ್ಟ್ ಎಂಬ ಬರಿಗಣ್ಣಿಗೆ ಕಾಣದ ಕಣವು ಏನನ್ನು ತಿಂದು ಬೆಳೆಯುತ್ತದೆ? ತನ್ನ ಮೈಯನ್ನು ಕಟ್ಟಿಕೊಳ್ಳಲು ಬೇಕಾದ ಸಾರಜನಕವನ್ನು ಎಲ್ಲಿಂದ ಪಡೆಯುತ್ತದೆ? ರೋಗಾಣು, ಲಸಿಕೆ ಎಂದು ನಾವಿಂದು ಹೇಳುವ ಸಂಗತಿಗಳಿಗೆಲ್ಲ ದಾರಿ ತೆರೆದುಕೊಂಡದ್ದು ಈ ಪ್ರಶ್ನೆಯಿಂದ. ಆ ಕಥೆಯನ್ನು ಇಂದು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಚರ್ಮ ಹದ ಮಾಡುವವರ ಮಗ

ಲೂಯಿ ಪಾಶ್ಚರರು 1822ರ ಡಿಸೆಂಬರ್ 27ರಂದು ಫ್ರಾನ್ಸಿನ ದೋಲ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು. ತಂದೆ ಝಾನ್ ಜೋಸೆಫ್ ನೆಪೋಲಿಯನ್ನನ ಸೈನ್ಯದಲ್ಲಿದ್ದವರು. ಯುದ್ಧ ಮುಗಿದ ಮೇಲೆ ಚರ್ಮ ಹದ ಮಾಡುವ ಕುಲವೃತ್ತಿಗೆ ಮರಳಿದ್ದರು. ಲೂಯಿ ಬೆಳೆದದ್ದು ಆರ್ಬುವಾ ಎಂಬಲ್ಲಿ, ದ್ರಾಕ್ಷಿ ತೋಟಗಳ ನಡುವೆ. ಹುಡುಗನಿದ್ದಾಗ ಅವರಿಗೆ ಒಲಿದದ್ದು ಚಿತ್ರ ಬರೆಯುವ ಕಲೆ. ತಂದೆತಾಯಿಯರದೂ ನೆರೆಹೊರೆಯವರದೂ ಚಿತ್ರಗಳನ್ನು ಅವರು ಚೆನ್ನಾಗಿಯೇ ಬರೆದಿದ್ದಾರೆ. ಮಗ ಊರಿನ ಶಾಲೆಯಲ್ಲಿ ಮಾಸ್ತರನಾದರೆ ಸಾಕೆಂದು ತಂದೆಯ ಆಸೆ. ಮಗನಾದರೋ 1843ರಲ್ಲಿ ಪ್ಯಾರಿಸಿನ ಎಕೋಲ್ ನಾರ್ಮಾಲ್ ಎಂಬ ಶ್ರೇಷ್ಠ ವಿದ್ಯಾಸಂಸ್ಥೆಗೆ ಸೇರಿ ರಸಾಯನಶಾಸ್ತ್ರವನ್ನು ಹಿಡಿದರು.

1848ರಲ್ಲಿ, 25ರ ವಯಸ್ಸಿನಲ್ಲಿ, ಅವರ ಮೊದಲ ದೊಡ್ಡ ಶೋಧ. ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಟಾರ್ಟಾರಿಕ್ ಆಮ್ಲಕ್ಕೆ ಹತ್ತಿರದ ಒಂದು ಲವಣದ ಹರಳುಗಳನ್ನು ಅವರು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಹರಳುಗಳಲ್ಲಿ ಎರಡು ಬಗೆ ಇತ್ತು. ಎಡಗೈ ಬಲಗೈಗಳಂತೆ ಒಂದು ಇನ್ನೊಂದರ ಪ್ರತಿಬಿಂಬ. ಚಿಮುಟದಲ್ಲಿ ಒಂದೊಂದನ್ನೇ ಹೆಕ್ಕಿ ಎರಡು ರಾಶಿ ಮಾಡಿದರು. ನೀರಿನಲ್ಲಿ ಕರಗಿಸಿ ವಿಶೇಷ ಬೆಳಕನ್ನು ಹಾಯಿಸಿದಾಗ ಒಂದು ರಾಶಿ ಬೆಳಕನ್ನು ಬಲಕ್ಕೂ ಇನ್ನೊಂದು ಎಡಕ್ಕೂ ತಿರುಗಿಸಿತು. ಹೀಗೆ ಬೆಳಕನ್ನು ಒಂದೇ ಕಡೆಗೆ ತಿರುಗಿಸುವ ವಸ್ತುಗಳು ಜೀವಿಗಳಿಂದ ಮಾತ್ರ ಹುಟ್ಟುತ್ತವೆ ಎಂಬ ನಂಬಿಕೆ ಕ್ರಮೇಣ ಅವರಲ್ಲಿ ಬಲವಾಯಿತು. ಇದನ್ನು ನೆನಪಿಟ್ಟುಕೊಂಡರೆ ಅವರು ಯೀಸ್ಟಿನ ಬಳಿಗೆ ಹೇಗೆ ಬಂದರೆಂಬುದು ತಿಳಿಯುತ್ತದೆ.

1849ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಧ್ಯಾಪಕರಾಗಿದ್ದಾಗ ಮಾರಿ ಲೊರಾಂ ಎಂಬವರನ್ನು ಮದುವೆಯಾದರು. ಈ ಸಾಧ್ವಿ ಜೀವನವಿಡೀ ಪತಿಯ ಟಿಪ್ಪಣಿಗಳನ್ನು ಬರೆದುಕೊಟ್ಟು, ಅವರ ಕೆಲಸದ ಅರ್ಧ ಭಾರವನ್ನು ಹೊತ್ತರು.

ಬೀಟ್‌ರೂಟಿನ ಊರಿನಲ್ಲಿ

1854ರಲ್ಲಿ ಪಾಶ್ಚರರು ಲೀಲ್ ನಗರದ ವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಅದು ಬೀಟ್‌ರೂಟಿನಿಂದ ಸಕ್ಕರೆಯನ್ನೂ ಮದ್ಯಸಾರವನ್ನೂ ತಯಾರಿಸುವ ಕಾರ್ಖಾನೆಗಳ ಸೀಮೆ. ನಮ್ಮ ದೇಶದಲ್ಲಿ ಈ ಕೆಲಸ ನಡೆಯುವುದು ಕಬ್ಬಿನಿಂದ. ಕೊಯಮತ್ತೂರಿನಲ್ಲಿ 1912ರಲ್ಲಿ ಕಬ್ಬಿನ ತಳಿ ಸಂಶೋಧನೆಯ ಕೇಂದ್ರ ಸ್ಥಾಪನೆಯಾಗಿ ದೇಶಕ್ಕೆಲ್ಲ ಹೊಸ ಕಬ್ಬನ್ನು ಕೊಟ್ಟದ್ದು ಹಲವರಿಗೆ ಗೊತ್ತು. ಅದೇ ಜಿಲ್ಲೆಯಲ್ಲಿದ್ದು 2009ರಲ್ಲಿ ತಿರುಪ್ಪೂರು ಜಿಲ್ಲೆಗೆ ಸೇರಿದ ಉಡುಮಲ್‌ಪೇಟೆಯ ಸೀಮೆಯಲ್ಲಿ, ಕೃಷ್ಣಾಪುರಂ ಎಂಬಲ್ಲಿ, ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಅದಕ್ಕೆ ಸೇರಿದ ಮದ್ಯಸಾರದ ಘಟಕವೂ ಸ್ಥಾಪನೆಯಾದವು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಕಾಕಂಬಿಗೆ ನೀರು ಸೇರಿಸಿ, ಯೀಸ್ಟ್ ಬಿಟ್ಟು, ಹುದುಗಿದ ಮೇಲೆ ಬಟ್ಟಿ ಇಳಿಸಿದರೆ ಮದ್ಯಸಾರ ಸಿಗುತ್ತದೆ. ಲೀಲಿನ ಬೀಟ್‌ರೂಟಿಗಾಗಲಿ ಉಡುಮಲ್‌ಪೇಟೆಯ ಕಬ್ಬಿಗಾಗಲಿ ಕೆಲಸಗಾರ ಮಾತ್ರ ಒಬ್ಬನೇ, ಈ ಯೀಸ್ಟ್.

ಹೀಗೆ ಬಟ್ಟಿ ಇಳಿಸುವಾಗ ಕೊನೆಕೊನೆಗೆ ಎಣ್ಣೆಯಂಥ, ಘಾಟು ವಾಸನೆಯ ಒಂದು ದ್ರವ ಸ್ವಲ್ಪ ಬರುತ್ತದೆ. ಅದರ ಮುಖ್ಯ ಭಾಗ ಆಮೈಲ್ ಮದ್ಯಸಾರ. ಕುಡಿದವನಿಗೆ ತಲೆಸಿಡಿತ ತರುವ ಈ ಕಾಟವನ್ನು ಕಾರ್ಖಾನೆಯವರು ಬೇರ್ಪಡಿಸಿ ತೆಗೆಯುತ್ತಿದ್ದರು. ಪಾಶ್ಚರರು ಅದನ್ನೇ ಪರೀಕ್ಷೆಗೆ ತೆಗೆದುಕೊಂಡರು. ಅದು ಒಂದೇ ವಸ್ತುವಲ್ಲ, ಎರಡು ಕೂಡಿದ್ದು ಎಂದು 1855ರಲ್ಲಿ ತೋರಿಸಿದರು. ಎರಡರಲ್ಲಿ ಒಂದು ಬೆಳಕನ್ನು ತಿರುಗಿಸುತ್ತಿತ್ತು, ಇನ್ನೊಂದು ತಿರುಗಿಸುತ್ತಿರಲಿಲ್ಲ. ಬೆಳಕನ್ನು ತಿರುಗಿಸುವ ವಸ್ತು ಹುದುಗುವಿಕೆಯಲ್ಲಿ ಹುಟ್ಟಿದೆಯೆಂದ ಮೇಲೆ ಅಲ್ಲಿ ಜೀವವೊಂದು ಕೆಲಸ ಮಾಡಿರಲೇಬೇಕು ಎಂದು ಅವರ ಮನಸ್ಸು ಹೇಳಿತು.

1856ರಲ್ಲಿ ಬಿಗೋ ಎಂಬ ಕಾರ್ಖಾನೆದಾರರು ತಮ್ಮ ತೊಟ್ಟಿಗಳಲ್ಲಿ ಬೀಟ್‌ರೂಟಿನ ರಸ ಮದ್ಯಸಾರವಾಗದೆ ಹುಳಿಯಾಗಿ ನಷ್ಟವಾಗುತ್ತಿದೆಯೆಂದು ಪಾಶ್ಚರರ ಸಹಾಯ ಕೇಳಿದರು. ಇವರು ಸೂಕ್ಷ್ಮದರ್ಶಕವನ್ನು ಹಿಡಿದು ಕಾರ್ಖಾನೆಗೇ ನಡೆದರು. ಒಳ್ಳೆಯ ತೊಟ್ಟಿಯ ಹನಿಯಲ್ಲಿ ದುಂಡಗಿನ ಯೀಸ್ಟ್ ಕಣಗಳು, ಕೆಟ್ಟ ತೊಟ್ಟಿಯಲ್ಲಿ ಕಡ್ಡಿಯಂಥ ಬೇರೆಯೇ ಕಣಗಳು ಕಂಡವು. 1857ರಲ್ಲಿ ಹಾಲು ಹುಳಿಯಾಗುವುದಕ್ಕೂ ಅದರದೇ ಆದ ಸೂಕ್ಷ್ಮಜೀವಿಯಿದೆಯೆಂದು ಪ್ರಕಟಿಸಿದರು.

ಗೊಬ್ಬರದ ಪ್ರಶ್ನೆ

ಇಲ್ಲಿ ಎದುರಾದವರು ಜರ್ಮನಿಯ ಮಹಾ ರಸಾಯನಶಾಸ್ತ್ರಜ್ಞ ಲೀಬಿಗ್. ಗಿಡಗಳಿಗೆ ಯಾವ ಯಾವ ಲವಣ ಬೇಕೆಂದು ಜಗತ್ತಿಗೆ ಕಲಿಸಿದ, ರಾಸಾಯನಿಕ ಗೊಬ್ಬರದ ಪಿತಾಮಹರೆನಿಸಿದ ವ್ಯಕ್ತಿ. ಯೀಸ್ಟ್ ಕೊಳೆಯುತ್ತಿರುವ ಒಂದು ವಸ್ತು, ಆ ಕೊಳೆಯುವಿಕೆಯ ಅಲುಗಾಟವೇ ಸಕ್ಕರೆಗೆ ತಗಲಿ ಅದನ್ನು ಒಡೆಯುತ್ತದೆ ಎಂಬುದು ಅವರ ಮತ. 1837ರ ಸುಮಾರಿಗೆ ಕಾನ್ಯಾರ್ ಲಾತೂರ್, ಶ್ವಾನ್ ಮೊದಲಾದವರು ಯೀಸ್ಟಿಗೆ ಜೀವವಿದೆಯೆಂದಾಗ ಲೀಬಿಗರೂ ಅವರ ಮಿತ್ರ ವ್ಯೋಲರರೂ 1839ರಲ್ಲಿ ಹೆಸರು ಹಾಕದೆ ಲೇವಡಿಯ ಲೇಖನವೊಂದನ್ನು ಅಚ್ಚು ಹಾಕಿಸಿ ನಗೆಯಾಡಿದ್ದರು. ಹೆಸರಾಂತವರ ನಗೆಗೆ ಸಣ್ಣವರ ಸತ್ಯ ಹಲವು ವರ್ಷ ಮೂಲೆಗೆ ಬಿದ್ದಿತ್ತು.

ಯೀಸ್ಟ್ ಕೊಳೆಯುತ್ತಿರುವ ವಸ್ತುವಾದರೆ ಅದರ ಮೈಯೊಳಗಿನ ಸಾರಜನಕ ಅಮೋನಿಯವಾಗಿ ಹೊರಗೆ ಬರಬೇಕು. ಹಟ್ಟಿಯ ಗೊಬ್ಬರ ಕೊಳೆಯುವಾಗ ಮೂಗಿಗೆ ಬಡಿಯುವ ಘಾಟು ಇದೇ. ಯೀಸ್ಟಿಗೆ ಜೀವವಿದ್ದರೆ ಇದಕ್ಕೆ ತಿರುಗಾಮುರುಗಾ ಆಗಬೇಕು. ಅಡಿಕೆ ಮರ ಬುಡಕ್ಕೆ ಹಾಕಿದ ಗೊಬ್ಬರವನ್ನು ಹೀರಿ ಸೋಗೆ ಬಿಡುವಂತೆ, ಯೀಸ್ಟ್ ಅಮೋನಿಯವನ್ನು ಒಳಗೆಳೆದುಕೊಂಡು ಬೆಳೆಯಬೇಕು. ವಾದ ಇಷ್ಟು ಸರಳ. ಅದನ್ನು ಮಾಡಿ ತೋರಿಸುವ ಧೈರ್ಯ ಬೇಕಿತ್ತು.

ಪ್ಯಾರಿಸಿಗೆ ಮರಳಿದ್ದ ಪಾಶ್ಚರರು ಆ ಪ್ರಯೋಗ ಮಾಡಿದರು. ಶುದ್ಧ ನೀರು, ಅದರಲ್ಲಿ ಶುದ್ಧ ಕಲ್ಲುಸಕ್ಕರೆ. ಸಾರಜನಕಕ್ಕೆಂದು ಅಮೋನಿಯದ ಒಂದು ಲವಣ. ಖನಿಜಗಳಿಗೆಂದು ಯೀಸ್ಟನ್ನು ಸುಟ್ಟ ಬೂದಿ. ಇಷ್ಟರಲ್ಲಿ ಕೊಳೆಯುವಂಥದ್ದು ಏನೂ ಇಲ್ಲ. ಇದಕ್ಕೆ ಗುಂಡುಸೂಜಿಯ ತಲೆಯಷ್ಟು ಹಸಿ ಯೀಸ್ಟನ್ನು ಸೇರಿಸಿದರು. ಸಕ್ಕರೆ ಹುದುಗಿತು. ಯೀಸ್ಟ್ ಹೆಚ್ಚಿತು. ಅಮೋನಿಯ ಹೆಚ್ಚುವುದಕ್ಕೆ ಬದಲು ಕಡಿಮೆಯಾಯಿತು. ಬೂದಿ, ಲವಣ, ಸಕ್ಕರೆ ಇವುಗಳಿಂದಲೇ ಆ ಪುಟ್ಟ ಕಣ ತನ್ನ ಮಾಂಸವನ್ನು ಕಟ್ಟಿಕೊಂಡಿತ್ತು. ಬೂದಿಯನ್ನೋ ಅಮೋನಿಯವನ್ನೋ ಬಿಟ್ಟು ನೋಡಿದರೆ ಬೆಳವಣಿಗೆ ಕುಂಠಿತವಾಗುತ್ತಿತ್ತು. ಇದನ್ನೆಲ್ಲ 1860ರಲ್ಲಿ ಮದ್ಯಸಾರದ ಹುದುಗುವಿಕೆಯ ಬಗ್ಗೆ ಬರೆದ ದೀರ್ಘ ಪ್ರಬಂಧದಲ್ಲಿ ಅವರು ಪ್ರಕಟಿಸಿದರು. ಸಕ್ಕರೆ ಒಡೆದಾಗ ಮದ್ಯಸಾರ ಮತ್ತು ಇಂಗಾಲದ ಡೈ ಆಕ್ಸೈಡ್ ಮಾತ್ರವಲ್ಲ, ಗ್ಲಿಸರಿನ್ ಮತ್ತು ಸಕ್ಸಿನಿಕ್ ಆಮ್ಲಗಳೂ ಸ್ವಲ್ಪ ಬರುತ್ತವೆಂದು ತೂಗಿ ತೋರಿಸಿದರು. ಜೀವವಿರುವಲ್ಲಿ ಲೆಕ್ಕ ಸರಳ ಸಮೀಕರಣಕ್ಕೆ ಒಗ್ಗುವುದಿಲ್ಲ ಎಂಬುದು ಅವರ ತಾತ್ಪರ್ಯ.

ಮನೆಯೊಳಗಿನ ದುಃಖ

ಈ ಕೆಲಸದ ನಡುವೆಯೇ, 1859ರ ಸೆಪ್ಟೆಂಬರಿನಲ್ಲಿ, ಹಿರಿಯ ಮಗಳು ಝಾನ್ ವಿಷಮಶೀತ ಜ್ವರದಿಂದ ಆರ್ಬುವಾದ ಅಜ್ಜನ ಮನೆಯಲ್ಲಿ ತೀರಿಕೊಂಡಳು. ಆಗ ಅವಳಿಗೆ ಒಂಬತ್ತು ವರ್ಷ. 1865ರಲ್ಲಿ ಎರಡು ವರ್ಷದ ಕಮೀಯ್ ಹೋದಳು. ಮರುವರ್ಷ ಹನ್ನೆರಡರ ಸೆಸೀಲ್, ಅವಳನ್ನೂ ಅದೇ ವಿಷಮಶೀತ ಜ್ವರ ಕೊಂಡೊಯ್ದಿತು. ಐದು ಮಕ್ಕಳಲ್ಲಿ ಉಳಿದವರು ಇಬ್ಬರು. ತೊಟ್ಟಿಯ ರಸ ಕೆಡುವುದಕ್ಕೆ ಒಂದು ಸೂಕ್ಷ್ಮಜೀವಿ ಕಾರಣವಾದರೆ, ಮಕ್ಕಳ ಮೈ ಕೆಡುವುದಕ್ಕೂ ಅಂಥದೇ ಒಂದು ಕಾರಣವಿರಬಾರದೇಕೆ ಎಂಬ ಪ್ರಶ್ನೆ ಆ ತಂದೆಗೆ ಬರಿಯ ಶಾಸ್ತ್ರದ ಪ್ರಶ್ನೆಯಾಗಿ ಉಳಿದಿರಲಾರದು.

1868ರ ಅಕ್ಟೋಬರಿನಲ್ಲಿ, 45ರ ವಯಸ್ಸಿನಲ್ಲಿ, ಪಾರ್ಶ್ವವಾಯು ಬಡಿದು ಅವರ ಎಡಭಾಗ ಸ್ವಾಧೀನ ತಪ್ಪಿತು. ಕಾಲನ್ನು ಎಳೆಯುತ್ತ ನಡೆದೇ ಅವರು ಉಳಿದ 27 ವರ್ಷ ದುಡಿದರು. ಕೈಯಿಂದಾಗದ ಪ್ರಯೋಗಗಳನ್ನು ಶಿಷ್ಯರ ಕೈಯಿಂದ ಮಾಡಿಸಿದರು.

ಲೀಬಿಗ್ ಮಾತ್ರ ಸುಮ್ಮನಾಗಿರಲಿಲ್ಲ. ಪಾಶ್ಚರರ ಪ್ರಯೋಗ ತನ್ನ ಕೈಯಲ್ಲಿ ಆಗಲಿಲ್ಲವೆಂದು ಹತ್ತು ವರ್ಷಗಳ ಬಳಿಕ ಮತ್ತೆ ಆಕ್ಷೇಪವೆತ್ತಿದರು. ಪಂಡಿತರ ಮಂಡಲಿಯ ಎದುರಿನಲ್ಲಿ ಬೇಕಾದಷ್ಟು ಯೀಸ್ಟನ್ನು ಅದೇ ಬಗೆಯಿಂದ ಬೆಳೆಸಿ ತೋರಿಸಲು ತಾನು ಸಿದ್ಧನೆಂದು ಪಾಶ್ಚರರು ಸವಾಲೆಸೆದರು. ಉತ್ತರ ಬರಲಿಲ್ಲ. ಲೀಬಿಗ್ 1873ರಲ್ಲಿ ತೀರಿಕೊಂಡರು. ನಡುವೆ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾಗಿ ಎರಡು ದೇಶಗಳ ಪಂಡಿತರೂ ಮುಖ ತಿರುಗಿಸಿಕೊಂಡಿದ್ದರು. ಜರ್ಮನಿಯ ಬಾನ್ ವಿಶ್ವವಿದ್ಯಾಲಯ ಕೊಟ್ಟಿದ್ದ ಗೌರವ ಪದವಿಯನ್ನು ಪಾಶ್ಚರರು ಹಿಂದಿರುಗಿಸಿದರು. 1876ರಲ್ಲಿ ಬಿಯರಿನ ಮೇಲೆ ಬರೆದ ಗ್ರಂಥಕ್ಕೂ ಜರ್ಮನಿಯನ್ನು ಆ ಉದ್ಯಮದಲ್ಲಿ ಮೀರಿಸಬೇಕೆಂಬ ಹಟ ಪ್ರೇರಣೆಯಾಗಿತ್ತು. ದೊಡ್ಡವರೂ ಮನುಷ್ಯರೇ.

ಅವರು ಬಿಟ್ಟುಹೋದ ಗಂಟು

ಯೀಸ್ಟ್ ಅಮೋನಿಯವನ್ನು ತಿನ್ನುತ್ತದೆಂದು ಪಾಶ್ಚರರು ತೋರಿಸಿದ್ದಾಯಿತು. ಆದರೆ ಹಣ್ಣಿನ ರಸದಲ್ಲಿ, ಕಾಕಂಬಿಯಲ್ಲಿ, ತೆಂಗಿನ ಕಳ್ಳಿನಲ್ಲಿ ಸಾರಜನಕದ ಬಹುಪಾಲು ಇರುವುದು ಅಮೈನೋ ಆಮ್ಲಗಳ ರೂಪದಲ್ಲಿ. ಬೇಳೆಕಾಳು, ಮೀನು, ಮೊಟ್ಟೆಗಳ ಪ್ರೋಟೀನು ಯಾವ ಇಟ್ಟಿಗೆಗಳಿಂದ ಕಟ್ಟಿದ್ದೋ ಅವೇ ಈ ಆಮ್ಲಗಳು. ಇವುಗಳನ್ನು ಯೀಸ್ಟ್ ಹೇಗೆ ಒಡೆಯುತ್ತದೆ? ಯಾವುದು ಪಾಶ್ಚರರನ್ನು ಈ ದಾರಿಗೆ ಎಳೆದಿತ್ತೋ ಆ ಆಮೈಲ್ ಮದ್ಯಸಾರ ಎಲ್ಲಿಂದ ಬರುತ್ತದೆ? ಇವೆರಡೂ ಒಂದೇ ಪ್ರಶ್ನೆಯೆಂದು ಅವರ ಜೀವಮಾನದಲ್ಲಿ ಯಾರಿಗೂ ಹೊಳೆಯಲಿಲ್ಲ.

ಉತ್ತರ ಸಿಕ್ಕಿದ್ದು ಅವರು ತೀರಿಕೊಂಡ ಬಳಿಕ, ಅದೂ ಜರ್ಮನಿಯಲ್ಲಿ. ಬರ್ಲಿನ್ನಿನ ಸಕ್ಕರೆ ಸಂಶೋಧನಾ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ಎರ್ಲಿಕ್ ಎಂಬವರು (ಸಿಫಿಲಿಸಿಗೆ ಮದ್ದು ಕಂಡುಹಿಡಿದ ಪಾಲ್ ಎರ್ಲಿಕ್ ಬೇರೆ) 1904ರಲ್ಲಿ ಬೀಟ್‌ರೂಟಿನ ಕಾಕಂಬಿಯಲ್ಲಿ ಐಸೋಲ್ಯೂಸಿನ್ ಎಂಬ ಹೊಸ ಅಮೈನೋ ಆಮ್ಲವನ್ನು ಕಂಡುಹಿಡಿದರು. ಅದರ ರಚನೆ ಬೆಳಕನ್ನು ತಿರುಗಿಸುವ ಆಮೈಲ್ ಮದ್ಯಸಾರವನ್ನು ಬಹಳ ಹೋಲುತ್ತಿತ್ತು. ಅದರ ಸೋದರ ಲ್ಯೂಸಿನ್, ಬೆಳಕನ್ನು ತಿರುಗಿಸದ ಇನ್ನೊಂದು ಆಮೈಲ್ ಮದ್ಯಸಾರವನ್ನು ಹೋಲುತ್ತಿತ್ತು. ಹುದುಗುವ ಸಕ್ಕರೆಗೆ ಲ್ಯೂಸಿನನ್ನು ಸೇರಿಸಿದಾಗ ಆ ಮದ್ಯಸಾರ ಹೆಚ್ಚಾಗಿ ಬಂತು. 1907ರ ಹೊತ್ತಿಗೆ ವಿಷಯ ಸ್ಪಷ್ಟವಾಗಿತ್ತು. ಯೀಸ್ಟಿಗೆ ಬೇಕಾದದ್ದು ಅಮೈನೋ ಆಮ್ಲದ ಸಾರಜನಕದ ಭಾಗ. ನಾವು ಅಡಿಕೆಯನ್ನು ಸುಲಿದು ಬೀಜವನ್ನು ಇಟ್ಟುಕೊಂಡು ಸಿಪ್ಪೆಯನ್ನು ಎಸೆಯುವಂತೆ, ಅದು ಸಾರಜನಕವನ್ನು ಕಿತ್ತುಕೊಂಡು ಉಳಿದದ್ದನ್ನು ಹೊರಗೆ ಹಾಕುತ್ತದೆ. ಆ ಸಿಪ್ಪೆಯೇ ಘಾಟು ವಾಸನೆಯ ಎಣ್ಣೆ.

1911ರಲ್ಲಿ ನೋಯ್‌ಬಾವರ್, ಫ್ರೊಮ್‌ಹೆರ್ಟ್ಸ್ ಎಂಬಿಬ್ಬರು ನಡುವಿನ ಮೆಟ್ಟಿಲುಗಳನ್ನು ಗುರುತಿಸಿದರು. ಈಗ ತಿಳಿದಿರುವ ಪ್ರಕಾರ, ಮೊದಲು ಒಂದು ಕಿಣ್ವ ಅಮೈನೋ ಆಮ್ಲದ ಸಾರಜನಕದ ಗುಂಪನ್ನು ಎತ್ತಿ ಬೇರೊಂದು ಆಮ್ಲದ ಕೈಗೆ ಕೊಡುತ್ತದೆ. ಹೀಗೆ ಗ್ಲುಟಮಿಕ್ ಆಮ್ಲ ಹುಟ್ಟುತ್ತದೆ. ಯೀಸ್ಟಿನ ಮನೆಯಲ್ಲಿ ಸಾರಜನಕದ ವ್ಯವಹಾರಕ್ಕೆಲ್ಲ ಇದೇ ಚಲಾವಣೆಯ ನಾಣ್ಯ. ಉಳಿದ ಕೀಟೋ ಆಮ್ಲದಿಂದ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗಿ ಆಲ್ಡಿಹೈಡು ಉಳಿಯುತ್ತದೆ. ಅದು ಕೊನೆಗೆ ಮದ್ಯಸಾರವಾಗುತ್ತದೆ. ಫೀನೈಲ್ ಅಲನಿನ್ ಎಂಬ ಅಮೈನೋ ಆಮ್ಲ ಹೀಗೆ ಒಡೆದರೆ ಬರುವುದು ಗುಲಾಬಿಯ ಪರಿಮಳದ ಮದ್ಯಸಾರ. ಲ್ಯೂಸಿನಿನಿಂದ ಬಂದದ್ದು ವಿನೆಗರಿನ ಆಮ್ಲದೊಡನೆ ಕೂಡಿದರೆ ಮಾಗಿದ ಬಾಳೆಹಣ್ಣಿನ ವಾಸನೆ. ಕಳ್ಳು ಹಾಕಿ ಮಾಡಿದ ಅಪ್ಪದ ಹಿಟ್ಟು ಉಬ್ಬಿದಾಗ ಬರುವ ಪರಿಮಳದಲ್ಲಿ ಇಂಥ ಸಿಪ್ಪೆಗಳ ಪಾಲೂ ಇದೆ.

ಯೀಸ್ಟಿಗೆ ಊಟದಲ್ಲಿ ಆಯ್ಕೆಯೂ ಇದೆ. ಸುಲಭವಾಗಿ ದಕ್ಕುವ ಅಮೋನಿಯ, ಗ್ಲುಟಮಿನ್ ಇರುವ ತನಕ ಬೇರೆ ಹಲವು ಅಮೈನೋ ಆಮ್ಲಗಳನ್ನು ಒಡೆಯುವ ಕಿಣ್ವಗಳನ್ನು ಅದು ತಯಾರಿಸುವುದಿಲ್ಲ. ಅವು ತೀರಿದಾಗ ಮಾತ್ರ ಕಷ್ಟದ ತುತ್ತಿಗೆ ಕೈ ಹಾಕುತ್ತದೆ. ದ್ರಾಕ್ಷಾರಸದಲ್ಲಿ ಹೇರಳವಾಗಿರುವ ಪ್ರೋಲಿನ್ ಎಂಬುದನ್ನು ಆಮ್ಲಜನಕ ಇಲ್ಲದಿದ್ದರೆ ಅದಕ್ಕೆ ಬಳಸಲಾಗದು. ಲೈಸಿನ್ ಒಂದನ್ನೇ ಕೊಟ್ಟರೆ ಬೇಕರಿಯ ಯೀಸ್ಟ್ ಬೆಳೆಯುವುದೇ ಇಲ್ಲ. ಬಿಯರ್ ತಯಾರಿಸುವವರು ಕಾಡುಯೀಸ್ಟ್ ಸೇರಿಕೊಂಡಿದೆಯೇ ಎಂದು ಪತ್ತೆಹಚ್ಚುವುದು ಈ ಗುಣದಿಂದ. ರಸದಲ್ಲಿ ಸಾರಜನಕ ಸಾಲದಿದ್ದರೆ ಸಕ್ಕರೆ ಎಷ್ಟಿದ್ದರೂ ಹುದುಗುವಿಕೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಬರಿಯ ಗಂಜಿಯಿಂದ ಮೈ ಕಟ್ಟುವುದಿಲ್ಲವೆಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದುದು ಯೀಸ್ಟಿಗೂ ಸಲ್ಲುತ್ತದೆ.

1897ರಲ್ಲಿ ಎಡ್ವರ್ಡ್ ಬುಕ್ನರ್ ಎಂಬವರು ಯೀಸ್ಟನ್ನು ಅರೆದು ಹಿಂಡಿದ ಜೀವಕೋಶರಹಿತ ರಸವೂ ಸಕ್ಕರೆಯನ್ನು ಹುದುಗಿಸುತ್ತದೆಂದು ತೋರಿಸಿದರು. ಹುದುಗುವಿಕೆ ಜೀವಿಯ ಕೆಲಸ ಎಂದ ಪಾಶ್ಚರರ ಮಾತು ನಿಂತಿತು. ಅದು ರಾಸಾಯನಿಕ ಕ್ರಿಯೆ ಎಂದ ಲೀಬಿಗರ ಮಾತಿನಲ್ಲಿಯೂ ಒಂದು ಪಾಲು ಸತ್ಯವಿತ್ತೆಂದು ತಿಳಿಯಿತು. ಅಷ್ಟರಲ್ಲಿ ಇಬ್ಬರೂ ಇರಲಿಲ್ಲ.

ಕೂನೂರಿನ ಹೆಸರು

ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೋಳಿಯ ಕಾಲರಾ, ಬಳಿಕ 1881ರಲ್ಲಿ ಜಾನುವಾರುಗಳ ನೆರಡಿ ರೋಗಕ್ಕೆ ಲಸಿಕೆ. ಈ ಎರಡನೆಯದರ ಬಹಿರಂಗ ಪರೀಕ್ಷೆಯಲ್ಲಿ ಬಳಸಿದ ಲಸಿಕೆಯನ್ನು ಹೇಗೆ ತಯಾರಿಸಿದ್ದೆಂಬುದನ್ನು ಅವರು ಸರಿಯಾಗಿ ಬಹಿರಂಗಪಡಿಸಿರಲಿಲ್ಲವೆಂದು ಅವರ ಟಿಪ್ಪಣಿ ಪುಸ್ತಕಗಳು ಸಂಶೋಧಕರ ಕೈಗೆ ಸಿಕ್ಕಿದ ಮೇಲೆ ತಿಳಿಯಿತು. ಇದನ್ನೂ ಹೇಳದಿದ್ದರೆ ಜೀವನಚರಿತ್ರೆ ಪೂರ್ತಿಯಾಗದು. 1885ರ ಜುಲೈ 6ರಂದು ಹುಚ್ಚುನಾಯಿ ಕಚ್ಚಿದ ಜೋಸೆಫ್ ಮೈಸ್ಟರ್ ಎಂಬ ಹುಡುಗನನ್ನು ತಾಯಿ ಅವರ ಬಳಿಗೆ ಕರೆತಂದಳು. ಅವನಿಗೂ ಒಂಬತ್ತು ವರ್ಷ, ಹಿರಿಯ ಮಗಳು ಝಾನ್ ತೀರಿಕೊಂಡಾಗ ಇದ್ದಷ್ಟೇ. ಪಾಶ್ಚರರು ವೈದ್ಯರಲ್ಲವಾದ್ದರಿಂದ ಚುಚ್ಚುಮದ್ದನ್ನು ಡಾಕ್ಟರ್ ಗ್ರಾಂಶೇ ಕೊಟ್ಟರು. ಹುಡುಗ ಬದುಕಿದ. 1888ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆ ತೆರೆಯಿತು. ಮೈಸ್ಟರ್ ಮುಂದೆ ಅಲ್ಲಿಯೇ ಕಾವಲುಗಾರನಾಗಿ ದುಡಿದ. 1895ರ ಸೆಪ್ಟೆಂಬರ್ 28ರಂದು ಪಾಶ್ಚರರು ತೀರಿಕೊಂಡರು. ಅವರ ಸಮಾಧಿಯೂ ಆ ಸಂಸ್ಥೆಯೊಳಗೇ ಇದೆ.

ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಆರಂಭವಾದದ್ದು ದೂರದ ಹಿಮಾಲಯದ ಕಸೌಲಿಯಲ್ಲಿ. 1902ರಲ್ಲಿ ದಕ್ಷಿಣದಲ್ಲಿ ಒಬ್ಬ ಯುವತಿ ಹುಚ್ಚುನಾಯಿಯ ರೋಗದಿಂದ ಸತ್ತಾಗ ಇಲ್ಲಿಗೂ ಒಂದು ಬೇಕೆಂಬ ಕೂಗೆದ್ದಿತು. ಅಮೆರಿಕದ ಹೆನ್ರಿ ಫಿಪ್ಸ್ ಎಂಬ ದಾನಿಯ ಹಣವೂ ಒದಗಿ, 1907ರಲ್ಲಿ ಕೂನೂರಿನ ಸಂಸ್ಥೆ ತೆರೆಯಿತು. ಆಗ ನಮ್ಮ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯೊಳಗೆ, ಕೊಯಮತ್ತೂರಿನಂತೆಯೇ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1977ರಲ್ಲಿ ಕೇಂದ್ರ ಸರಕಾರ ಅದನ್ನು ವಹಿಸಿಕೊಂಡಿತು.

ಎರ್ಲಿಕ್ ಯೀಸ್ಟಿನ ಸಾರಜನಕದ ಗುಟ್ಟನ್ನು ಬಿಡಿಸಿದ್ದೂ, ಮೆಟ್ಟುಪಾಳ್ಯದ ಮೇಲಿನ ಗುಡ್ಡದಲ್ಲಿ ಪಾಶ್ಚರರ ಹೆಸರಿನ ಮನೆ ತೆರೆದದ್ದೂ ಒಂದೇ ವರ್ಷ, 1907ರಲ್ಲಿ. ಕಾಕತಾಳೀಯವೇ ಇರಬಹುದು. ಆದರೆ ಎರಡಕ್ಕೂ ಬೇರು ಒಂದೇ, ಲೀಲಿನ ಬೀಟ್‌ರೂಟಿನ ತೊಟ್ಟಿ. ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಕಲಿಯುವ ನಮ್ಮ ಮಕ್ಕಳಿಗೆ ನಾವು ಹೇಳಬೇಕಾದದ್ದು ಇಷ್ಟು. ಪಾಶ್ಚರರು ಆರಂಭಿಸಿದ್ದು ಹುಚ್ಚುನಾಯಿಯಿಂದಲ್ಲ. ಒಂದು ಸಣ್ಣ ಜೀವಿಯ ಊಟ ಯಾವುದೆಂದು ಕೇಳಿ, ತೂಗಿ, ಅಳೆದು ನೋಡುವುದರಿಂದ. ಹೀಗೆ ಕೇಳಿದವರಿಗೂ ಎಲ್ಲದಕ್ಕೆ ಉತ್ತರ ಸಿಗಲಿಲ್ಲ. ಮೂಗಿಗೆ ಬಡಿಯುತ್ತಿದ್ದ ಆ ಎಣ್ಣೆಯ ಮೂಲವನ್ನು ಕಾಣದೆಯೇ ಅವರು ಕಣ್ಮುಚ್ಚಿದರು. ಉಳಿದದ್ದನ್ನು ಮುಂದಿನವರು ಕಂಡುಕೊಂಡರು. ಮುಂದಿನ ಸಲ ಗುಡ್ಡದ ರೈಲು ಹತ್ತುವ ಮಕ್ಕಳಿಗೆ ಕೂನೂರಿನ ಆ ಹೆಸರನ್ನು ತೋರಿಸುವಾಗ ಯೀಸ್ಟಿನ ಕಥೆಯನ್ನೂ ಹೇಳಬೇಕೆಂದು ನಮ್ಮ ಕೋರಿಕೆ.